ಸೊನ್ನೆಯನ್ನು ಎಲ್ಲಿಟ್ಟುಕೊಂಡು ಅಳೆದದ್ದು?: ಗಣಿತದ ಉಪಾಧ್ಯಾಯರಿಗೆ ಒಂದು ಬಹಿರಂಗ ಪತ್ರ

ಕನ್ನಡ ನಾಡಿನ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿಯೂ ಪ್ರೌಢಶಾಲೆಗಳಲ್ಲಿಯೂ ಗಣಿತವನ್ನು ಬೋಧಿಸುತ್ತಿರುವ ಉಪಾಧ್ಯಾಯ ಉಪಾಧ್ಯಾಯಿನಿಯರೆ,

ಆರು ಏಳನೆಯ ತರಗತಿಗಳ ಪಠ್ಯದಲ್ಲಿ ಪೂರ್ಣಾಂಕಗಳೆಂಬ ಹೆಸರಿನಿಂದ ಬರುವ ಅಧ್ಯಾಯವನ್ನು ಕುರಿತು ತಮ್ಮೊಡನೆ ಕೆಲವು ಮಾತುಗಳನ್ನಾಡಬೇಕೆಂಬುದು ಬಹುಕಾಲದಿಂದ ನನ್ನ ಮನಸ್ಸಿನಲ್ಲಿದ್ದ ಅಪೇಕ್ಷೆ. ಸುಲಭವಾದ ಅಧ್ಯಾಯವೆಂದು ಭಾವಿಸಿ ಇದನ್ನು ಬೇಗನೆ ಮುಗಿಸಿ ಮುಂದಕ್ಕೆ ಸಾಗುವುದು ನಮ್ಮಲ್ಲಿ ರೂಢಿಯಾಗಿದೆ. ಆದರೆ, ಅಲ್ಲಿಯವರೆಗೆ ಎಣಿಕೆಗೆ ಮಾತ್ರ ಒದಗುತ್ತಿದ್ದ ಸಂಖ್ಯೆಯು, ಒಂದು ನೆಲೆಯನ್ನು ಗೊತ್ತುಮಾಡಿಕೊಂಡು ಅದರಿಂದ ಈ ಕಡೆಗೆ ಇಷ್ಟು, ಆ ಕಡೆಗೆ ಇಷ್ಟು ಎಂದು ಅಳೆಯುವ ಸಾಧನವಾಗಿ ಮಾರ್ಪಡುವುದು ಮಗುವಿನ ವಿದ್ಯಾಭ್ಯಾಸದಲ್ಲಿ ಮೊಟ್ಟಮೊದಲು ಈ ಅಧ್ಯಾಯದಲ್ಲಿಯೇ. ಮುಂದೆ ಆ ಮಗು ಬೆಳೆದು, ಸಂಸಾರವಂದಿಗರಾಗಿ, ವೈದ್ಯರ ಎದುರಿನಲ್ಲಿ ಕುಳಿತು, ಒಂದು ಔಷಧದ ಗುಣಾವಗುಣಗಳನ್ನು ತೂಗಿ ನೋಡಬೇಕಾಗಿ ಬಂದಾಗ ನೆರವಿಗೆ ಬರಬೇಕಾದ ಬುದ್ಧಿಯೂ ಇದೇ ಆಗಿರುವುದರಿಂದ, ಈ ಅಧ್ಯಾಯಕ್ಕೆ ಈಗ ಸಲ್ಲುತ್ತಿರುವುದಕ್ಕಿಂತ ಹೆಚ್ಚಿನ ಕಾಲವನ್ನೂ ಹೆಚ್ಚಿನ ಗೌರವವನ್ನೂ ಸಲ್ಲಿಸಬೇಕೆಂದು ತಮ್ಮಲ್ಲಿ ಬಿನ್ನವಿಸಿಕೊಳ್ಳುತ್ತೇನೆ.

‘ಮೈನಸ್ ಇಂಟು ಮೈನಸ್ ಪ್ಲಸ್’ ಎಂಬ ಸೂತ್ರ ನಮ್ಮ ಮಕ್ಕಳ ನಾಲಗೆಯ ಮೇಲೆ ಸದಾ ಸಿದ್ಧವಾಗಿರುತ್ತದೆ. ಅದು ಸರಿಯಾದ ಸೂತ್ರವೇ. ಆದರೆ ಅದರ ಕಾರಣವನ್ನು ಅರಿಯದೆ ಅದರ ಧ್ವನಿಯನ್ನು ಮಾತ್ರ ಹಿಡಿದುಕೊಂಡ ಮಗು ಕರಿಹಲಗೆಯ ಮುಂದೆ ನಿಂತು −3 −4 ಎಂಬುದಕ್ಕೆ ಎದುರಾಗಿ +7 ಎಂದು ಬರೆಯುವುದನ್ನು ತಾವೆಲ್ಲರೂ ಕಂಡಿದ್ದೀರಿ. ‘ಎರಡು ಮೈನಸ್ ಇದೆಯಲ್ಲಾ ಸಾರ್, ಅದಕ್ಕೇ ಪ್ಲಸ್’ ಎಂದು ಅದು ಧೈರ್ಯವಾಗಿಯೇ ಹೇಳುತ್ತದೆ. ಗುಣಾಕಾರಕ್ಕೆ ಸಲ್ಲುವ ನಿಯಮವನ್ನು ಕೂಡುವಿಕೆಗೆ ಎಳೆದು ತಂದ ಆ ಮಗುವನ್ನು ಗದರಿಸಿ ಪ್ರಯೋಜನವಿಲ್ಲ. ಮೂರು ರೂಪಾಯಿಯ ಸಾಲದ ಮೇಲೆ ನಾಲ್ಕು ರೂಪಾಯಿಯ ಸಾಲವನ್ನು ಮಾಡಿದವನ ಕೈಯಲ್ಲಿ ಏಳು ರೂಪಾಯಿ ಎಲ್ಲಿಂದ ಬಂದೀತೆಂದು ಕೇಳಿದರೆ ಅದೇ ತಿದ್ದಿಕೊಳ್ಳುತ್ತದೆ. ಹಾಗೆಯೇ ಗುಣಾಕಾರದ ನಿಯಮಕ್ಕೂ ಕಾರಣವನ್ನು ತೋರಿಸುವುದು ಕಷ್ಟವಲ್ಲ. ಮೂರು ಸಲ −2 ಎಂದರೆ −6, ಎರಡು ಸಲ −4, ಒಂದು ಸಲ −2, ಸೊನ್ನೆ ಸಲ 0 ಎಂದು ಒಂದರ ಕೆಳಗೊಂದನ್ನು ಬರೆಯುತ್ತಾ ಬಂದು, ಪ್ರತಿಯೊಂದು ಸಾಲಿನಲ್ಲಿಯೂ ಉತ್ತರ ಎರಡೆರಡು ಹೆಚ್ಚುತ್ತಿರುವುದನ್ನು ಮಕ್ಕಳೇ ಗುರುತಿಸುವಂತೆ ಮಾಡಿ, ಮುಂದಿನ ಸಾಲಿನಲ್ಲಿ −1 ಗುಣಿಸು −2 ಏನಾಗಬೇಕೆಂದು ಕೇಳಿ ಸುಮ್ಮನಿದ್ದರೆ ಸಾಕು, ತರಗತಿಯೇ ಉತ್ತರವನ್ನು ಹೇಳುತ್ತದೆ. ಅಥವಾ ಅಂಗಡಿಯ ಬಾಕಿ ಪುಸ್ತಕದಲ್ಲಿ ಇನ್ನೂರು ಇನ್ನೂರು ರೂಪಾಯಿಗಳ ಐದು ಬಾಕಿಗಳು ನಮ್ಮ ಹೆಸರಿನಲ್ಲಿದ್ದು, ಅಂಗಡಿಯವರು ಉದಾರಬುದ್ಧಿಯಿಂದ ಆ ಐದನ್ನೂ ಹೊಡೆದುಹಾಕಿದರೆ ನಮ್ಮ ಸ್ಥಿತಿ ಸಾವಿರ ರೂಪಾಯಿಗಳಷ್ಟು ಉತ್ತಮವಾಯಿತೆಂಬುದನ್ನು ತೋರಿಸಬಹುದು.

ಇಷ್ಟಾದ ಮೇಲೆ ಯಾವಳೋ ಒಬ್ಬ ಹುಡುಗಿ ಎದ್ದು ನಿಂತು ‘ಏನೂ ಇಲ್ಲದ್ದಕ್ಕಿಂತ ಕಡಿಮೆ ಇರೋದು ಹೇಗೆ ಮೇಡಂ?’ ಎಂದು ಕೇಳಿದರೆ, ದಯವಿಟ್ಟು ಅವಳನ್ನು ಕೂರಿಸಬೇಡಿ. ಇಂಗ್ಲೆಂಡಿನಲ್ಲಿ 1758ರಲ್ಲಿ ಫ್ರಾನ್ಸಿಸ್ ಮಾಸೆರೆಸ್ ಎಂಬ ವಿದ್ವಾಂಸನು ಬೀಜಗಣಿತದಿಂದ ಋಣಸಂಖ್ಯೆಗಳನ್ನು ಹೊರಗಿಡಬೇಕೆಂದು ವಾದಿಸುವುದಕ್ಕಾಗಿ ಒಂದು ಗ್ರಂಥವನ್ನೇ ರಚಿಸಿದನು. ಭಿಲ್ಲಮಾಲದ ಬ್ರಹ್ಮಗುಪ್ತನು ಕ್ರಿ.ಶ. 628ರಲ್ಲಿಯೇ, ಸಾಲವನ್ನು ಸಾಲದಿಂದ ಗುಣಿಸಿದರೆ ಧನವೆಂದೂ, ಸೊನ್ನೆಯಿಂದ ಸಾಲವನ್ನು ಕಳೆದರೆ ಧನವೆಂದೂ ನಿಯಮಗಳನ್ನು ಹೇಳಿಟ್ಟು ಹನ್ನೊಂದು ಶತಮಾನಗಳು ಕಳೆದ ಮೇಲೆಯೂ ಪಂಡಿತರನ್ನು ಕಾಡುತ್ತಿದ್ದ ಸಂದೇಹ ಅದು. ನಮ್ಮ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯನು ಋಣಸಂಖ್ಯೆಗಳ ವ್ಯವಹಾರವನ್ನೆಲ್ಲ ಒಪ್ಪಿದರೂ, ಋಣವು ಸ್ವಭಾವತಃ ಯಾವುದರ ವರ್ಗವೂ ಅಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಎಲ್ಲೆಯನ್ನು ಹಾಕಿದನು. ಎಲ್ಲಿಯವರೆಗೆ ಈ ಚಿಹ್ನೆಗೆ ಅರ್ಥವಿದೆ, ಎಲ್ಲಿಂದಾಚೆಗೆ ಇಲ್ಲ ಎಂಬ ವಿಚಾರವನ್ನು ಹಿಂದಿನವರು ಹೀಗೆ ಗಂಭೀರವಾಗಿ ನಡೆಸಿದ್ದಾರೆ.

ಈ ವಿಚಾರದಲ್ಲಿ ನನಗೆ ಅತ್ಯಂತ ಪ್ರಿಯನಾದವನು ಭಾಸ್ಕರಾಚಾರ್ಯ. ಲೀಲಾವತಿಯಲ್ಲಿ ಅವನೊಂದು ತ್ರಿಭುಜವನ್ನು ಕೊಡುತ್ತಾನೆ: ಎರಡು ಭುಜಗಳು 10 ಮತ್ತು 17, ಭೂಮಿ, ಅಂದರೆ ಪಾದ, 9. ಶಿಖರದಿಂದ ಲಂಬವನ್ನಿಳಿಸಿದರೆ ಭೂಮಿಯು ಒಡೆಯುವ ಎರಡು ಖಂಡಗಳೆಷ್ಟು? ಭುಜಗಳ ವರ್ಗಗಳ ಅಂತರ 189; ಅದನ್ನು 9ರಿಂದ ಭಾಗಿಸಿದರೆ 21; 9ಕ್ಕೆ 21ನ್ನು ಕೂಡಿಸಿ ಅರ್ಧ ಮಾಡಿದರೆ 15, ಕಳೆದು ಅರ್ಧ ಮಾಡಿದರೆ −6. ಉದ್ದವೆಂಬುದು ಋಣವಾಗುವುದುಂಟೆ? ಆಚಾರ್ಯನು ಅಂಜುವುದಿಲ್ಲ, ಇದು ವಿರುದ್ಧ ದಿಕ್ಕಿನಲ್ಲಿದೆ ಎನ್ನುತ್ತಾನೆ. ಚಿತ್ರವನ್ನು ಬರೆದು ನೋಡಿದರೆ ಲಂಬವು ಭೂಮಿಯ ಮೇಲೆ ಬೀಳದೆ ಅದರಿಂದ ಆರು ಮಾನ ಆಚೆಗೆ ಬಿದ್ದಿರುತ್ತದೆ, ಲಂಬದ ಉದ್ದ ಎರಡು ಕಡೆಯಿಂದ ಲೆಕ್ಕ ಹಾಕಿದರೂ 8 ಬರುತ್ತದೆ. ಅದೇ ಆಚಾರ್ಯನು ಬೀಜಗಣಿತದಲ್ಲಿ ಕಪಿಗಳ ಹಿಂಡೊಂದರ ಲೆಕ್ಕವನ್ನು ಕೊಡುತ್ತಾನೆ: ಹಿಂಡಿನ ಐದನೆಯ ಒಂದು ಪಾಲಿನಲ್ಲಿ ಮೂರನ್ನು ಕಳೆದು, ಉಳಿದುದರ ವರ್ಗದಷ್ಟು ಕಪಿಗಳು ಗುಹೆಗೆ ಹೋದವು, ಒಂದು ಮಾತ್ರ ಕಣ್ಣಿಗೆ ಕಾಣುತ್ತಿದೆ, ಒಟ್ಟು ಎಷ್ಟು? ಸಮೀಕರಣಕ್ಕೆ 50 ಎಂದೂ 5 ಎಂದೂ ಎರಡು ಉತ್ತರಗಳು ದೊರೆಯುತ್ತವೆ. ಆದರೆ ಐದು ಕಪಿಗಳ ಐದನೆಯ ಒಂದು ಪಾಲಾದ ಒಂದರಲ್ಲಿ ಮೂರನ್ನು ಕಳೆದರೆ −2 ಬರುತ್ತದೆ. −2 ಕಪಿಗಳೆಂಬುದನ್ನು ಜನರು ಒಪ್ಪರು, ಆದುದರಿಂದ ಎರಡನೆಯ ಉತ್ತರವನ್ನು ಸ್ವೀಕರಿಸಬಾರದೆಂದು ಅವನು ಬಿಡುತ್ತಾನೆ. ತ್ರಿಭುಜದ ಭೂಮಿಯಲ್ಲಿ ಸೊನ್ನೆಯಿಂದ ಎರಡು ಕಡೆಗೂ ಜಾಗವಿದೆ. ಕಪಿಗಳ ಎಣಿಕೆಯಲ್ಲಿ ಸೊನ್ನೆಯ ಆಚೆಗೆ ಏನೂ ಇಲ್ಲ. ಈ ಎರಡು ಲೆಕ್ಕಗಳನ್ನು ಒಂದೇ ದಿನ, ಒಂದೇ ಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬಿಡಿಸಿ ತೋರಿಸಬೇಕೆಂಬುದು ಪ್ರೌಢಶಾಲೆಯವರಲ್ಲಿ ನನ್ನ ವಿಶೇಷವಾದ ಕೋರಿಕೆ.

ಕಿರಿಯ ಮಕ್ಕಳಿಗೆ ಇದನ್ನೇ ವೃತ್ತಪತ್ರಿಕೆಯಿಂದ ಕಲಿಸಬಹುದು. ಮಳೆಗಾಲದಲ್ಲಿ ಪ್ರತಿದಿನವೂ ಜಲಾಶಯಗಳ ಮಟ್ಟವನ್ನು ಅಚ್ಚುಮಾಡುತ್ತಾರಷ್ಟೆ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ, ತುಂಗಭದ್ರೆಯದು 1633 ಅಡಿ, ಆಲಮಟ್ಟಿಯದು 519.60 ಮೀಟರು. ಹಾಗಾದರೆ ತುಂಗಭದ್ರಾ ಜಲಾಶಯವು ಕೃಷ್ಣರಾಜಸಾಗರಕ್ಕಿಂತ ಹದಿಮೂರು ಪಾಲು ಆಳವೆ ಎಂದು ತರಗತಿಯನ್ನು ಕೇಳಬೇಕು. ತುಂಗಭದ್ರೆಗೂ ಆಲಮಟ್ಟಿಗೂ ಸೊನ್ನೆಯೆಂದರೆ ಸಮುದ್ರಮಟ್ಟ. ಕೃಷ್ಣರಾಜಸಾಗರಕ್ಕೆ ಸೊನ್ನೆಯೆಂದರೆ ಅಣೆಕಟ್ಟೆಯ ಸ್ಥಳದಲ್ಲಿಯೇ ಗೊತ್ತುಮಾಡಿಕೊಂಡ ತಳದ ಮಟ್ಟ. ಒಂದೇ ಪಟ್ಟಿಯಲ್ಲಿ, ಒಂದರ ಕೆಳಗೊಂದಾಗಿ ಅಚ್ಚಾದ ಸಂಖ್ಯೆಗಳಾದರೂ ಅವುಗಳನ್ನು ಒಂದರೊಡನೊಂದು ಹೋಲಿಸುವಂತಿಲ್ಲ. ಸ್ವೀಡನ್ನಿನ ಸೆಲ್ಸಿಯಸನು 1742ರಲ್ಲಿ ತನ್ನ ಉಷ್ಣಮಾನವನ್ನು ರೂಪಿಸಿದಾಗ ನೀರು ಕುದಿಯುವ ಬಿಂದುವಿಗೆ 0 ಎಂದೂ ಹೆಪ್ಪುಗಟ್ಟುವ ಬಿಂದುವಿಗೆ 100 ಎಂದೂ ಹೆಸರಿಟ್ಟಿದ್ದನೆಂಬುದನ್ನೂ, ಕೆಲವೇ ವರ್ಷಗಳಲ್ಲಿ ಅದನ್ನು ತಲೆಕೆಳಗು ಮಾಡಿದರೆಂಬುದನ್ನೂ ತಿಳಿಸಿದರೆ, ಮೈನಸ್ ಎಂಬುದು ವಸ್ತುವಿನ ಮೈಯಲ್ಲಿ ಅಂಟಿಕೊಂಡಿಲ್ಲ, ನಾವು ನಿಲ್ಲಿಸಿದ ಸೊನ್ನೆಯಿಂದ ಹುಟ್ಟಿತು ಎಂಬುದು ಮಕ್ಕಳಿಗೆ ತಾನಾಗಿಯೇ ಹೊಳೆಯುತ್ತದೆ.

ಇನ್ನು ಔಷಧದ ಮಾತಿಗೆ ಬರುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಐವತ್ತು ದಾಟಿದವರು, ಜಮಾಖರ್ಚಿನಲ್ಲಿ ಒಂದು ಪೈಸೆಯ ವ್ಯತ್ಯಾಸವನ್ನೂ ಬಿಟ್ಟವರಲ್ಲ. ಅವರು ಲಿಪಿಡ್ ಪ್ರೊಫೈಲ್ ಎಂಬ ರಕ್ತಪರೀಕ್ಷೆಯ ಕಾಗದವನ್ನು ಹಿಡಿದುಕೊಂಡು ಮನೆಗೆ ಬಂದರು. ವೈದ್ಯರು ಕೊಲೆಸ್ಟ್ರಾಲಿಗೆ ರಾತ್ರಿ ಒಂದು ಮಾತ್ರೆ ಬರೆದುಕೊಟ್ಟಿದ್ದಾರೆ, ಹೃದಯಾಘಾತ ಇಷ್ಟು ಪರ್ಸೆಂಟ್ ಕಡಿಮೆಯಾಗುತ್ತದೆ ಎಂದಿದ್ದಾರೆ. ಪಕ್ಕದ ಮನೆಯವರು ಅದರಿಂದ ಸಕ್ಕರೆ ಕಾಯಿಲೆ ಬರುತ್ತದೆ, ಮೈಕೈ ನೋವು ಬರುತ್ತದೆ ಎಂದು ಹೆದರಿಸಿದ್ದಾರೆ. ‘ಮೇಷ್ಟ್ರೇ, ನೀವೇ ಒಂದು ಮಾತಲ್ಲಿ ಹೇಳಿಬಿಡಿ, ಇದು ಪ್ಲಸ್ಸೋ ಮೈನಸ್ಸೋ?’ ಎಂದು ಅವರು ಕೇಳಿದರು. ಒಂದೇ ಮಾತಿನಲ್ಲಿ ಹೇಳುವುದು ನನ್ನಿಂದಾಗಲಿಲ್ಲ. ಆ ಕಾಗದವನ್ನು ಮೇಜಿನ ಮೇಲೆ ಹರಡಿಕೊಂಡು ಇಬ್ಬರೂ ಕುಳಿತೆವು.

ಆ ಕಾಗದವೇ ಒಂದು ಕಳೆಯುವ ಲೆಕ್ಕ. ಕೆಟ್ಟ ಕೊಲೆಸ್ಟ್ರಾಲೆಂದು ಜನ ಕರೆಯುವ ಎಲ್‌ಡಿಎಲ್ ಅನ್ನು ಅನೇಕ ಪ್ರಯೋಗಾಲಯಗಳು ನೇರವಾಗಿ ಅಳೆಯುವುದಿಲ್ಲ. ಒಟ್ಟು ಕೊಲೆಸ್ಟ್ರಾಲಿನಿಂದ, ಒಳ್ಳೆಯದೆಂದು ಕರೆಯುವ ಎಚ್‌ಡಿಎಲ್ ಅನ್ನೂ ಟ್ರೈಗ್ಲಿಸರೈಡ್ ಎಂಬ ಕೊಬ್ಬಿನ ಐದನೆಯ ಒಂದು ಪಾಲನ್ನೂ ಕಳೆದು ಉಳಿದುದನ್ನು ಬರೆಯುತ್ತವೆ. ಫ್ರೀಡ್‌ವಾಲ್ಡ್ ಎಂಬಾತನೂ ಅವನ ಸಂಗಡಿಗರೂ 1972ರಲ್ಲಿ ಪ್ರಕಟಿಸಿದ ಸೂತ್ರವಿದು. ಒಟ್ಟು 220, ಎಚ್‌ಡಿಎಲ್ 40, ಟ್ರೈಗ್ಲಿಸರೈಡ್ 200 ಇದ್ದರೆ 220ರಿಂದ 40ನ್ನೂ ಮತ್ತೊಂದು 40ನ್ನೂ ಕಳೆದು ಎಲ್‌ಡಿಎಲ್ 140 ಎನ್ನುತ್ತಾರೆ. ಟ್ರೈಗ್ಲಿಸರೈಡ್ 400 ದಾಟಿತೆಂದರೆ ಸೂತ್ರ ಸಲ್ಲದು. ಏಕೆ ಸಲ್ಲದೆಂಬುದಕ್ಕೆ ಒಂದು ಲೆಕ್ಕ ಸಾಕು: ಒಟ್ಟು 200, ಎಚ್‌ಡಿಎಲ್ 30, ಟ್ರೈಗ್ಲಿಸರೈಡ್ 900 ಆಗಿದ್ದರೆ ಉತ್ತರ −10. ರಕ್ತದಲ್ಲಿ ಋಣ ಕೊಲೆಸ್ಟ್ರಾಲು ಹರಿಯುವುದಿಲ್ಲ. ಇದು ಭಾಸ್ಕರನ −2 ಕಪಿಗಳ ಜಾತಿಗೆ ಸೇರಿದ ಉತ್ತರ. ನನ್ನ ಶಿಷ್ಯರು ಆ ಕಾಗದದಲ್ಲಿದ್ದ ತಮ್ಮ ಅಂಕಿಗಳನ್ನೇ ಬಾಯಲ್ಲಿ ಕಳೆದು ನೋಡಿ, ಅಚ್ಚಾಗಿದ್ದ ಉತ್ತರ ಹೊಂದಿಕೊಂಡುದನ್ನು ಕಂಡು ಸಂತೋಷಪಟ್ಟರು.

ಮಾತ್ರೆಯ ವಿಷಯ ಇದಕ್ಕಿಂತ ದೊಡ್ಡದು. ಜಪಾನಿನ ಅಕಿರಾ ಎಂಡೊ ಎಂಬ ವಿಜ್ಞಾನಿಯು ಸಾವಿರಾರು ಬಗೆಯ ಬೂಷ್ಟುಗಳನ್ನು ಪರೀಕ್ಷಿಸಿ 1973ರಲ್ಲಿ ಈ ಜಾತಿಯ ಮೊದಲ ವಸ್ತುವನ್ನು ಕಂಡುಹಿಡಿದನು. ಸ್ಟ್ಯಾಟಿನ್ ಎಂದು ಹೆಸರಾದ ಈ ಔಷಧಗಳಲ್ಲಿ ಮೊದಲನೆಯದು ಅಮೆರಿಕದಲ್ಲಿ ಮಾರಾಟಕ್ಕೆ ಒಪ್ಪಿಗೆ ಪಡೆದದ್ದು 1987ರಲ್ಲಿ. ಯಕೃತ್ತು ಕೊಲೆಸ್ಟ್ರಾಲನ್ನು ತಯಾರಿಸುವ ಕಾರ್ಯವನ್ನು ಇವು ತಗ್ಗಿಸುತ್ತವೆ. ತನ್ನ ತಯಾರಿಕೆ ತಗ್ಗಿದ ಯಕೃತ್ತು ರಕ್ತದಲ್ಲಿರುವುದನ್ನು ಹೆಚ್ಚಾಗಿ ಸೆಳೆದುಕೊಳ್ಳುತ್ತದೆ. ಆಗಲೇ ಹೃದಯದ ರಕ್ತನಾಳಗಳ ರೋಗವಿದ್ದ 4,444 ಮಂದಿಯ ಮೇಲೆ ಸ್ಕ್ಯಾಂಡಿನೇವಿಯದ ದೇಶಗಳಲ್ಲಿ ನಡೆದು 1994ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಐದು ವರ್ಷಗಳಿಗೆ ಸ್ವಲ್ಪ ಹೆಚ್ಚಿನ ಅವಧಿಯೊಳಗೆ, ಔಷಧವಿಲ್ಲದ ಹುಸಿಮಾತ್ರೆಯನ್ನು ನುಂಗಿದವರಲ್ಲಿ 256 ಮಂದಿಯೂ ಸಿಮ್ವಾಸ್ಟ್ಯಾಟಿನ್ ಎಂಬ ಸ್ಟ್ಯಾಟಿನನ್ನು ನುಂಗಿದವರಲ್ಲಿ 182 ಮಂದಿಯೂ ತೀರಿಕೊಂಡರು. ನೂರಕ್ಕೆ ಹನ್ನೊಂದೂವರೆಯಿದ್ದುದು ಎಂಟು ಚಿಲ್ಲರೆಗೆ ಇಳಿಯಿತು. ಮೂವತ್ತು ಜನ ಐದು ವರ್ಷ ಮಾತ್ರೆಯನ್ನು ನುಂಗಿದರೆ ಒಂದು ಜೀವ ಉಳಿಯಿತೆಂದು ಇದರ ಅರ್ಥ. ವೈದ್ಯಶಾಸ್ತ್ರದಲ್ಲಿ ಇಂಥ ಲಾಭ ಸುಲಭವಾಗಿ ದೊರಕುವುದಲ್ಲ. ಒಮ್ಮೆ ಹೃದಯಾಘಾತವಾದವರು, ಸ್ಟೆಂಟ್ ಹಾಕಿಸಿಕೊಂಡವರು, ಅವರಿವರ ಮಾತನ್ನು ಕೇಳಿ ಈ ಮಾತ್ರೆಯನ್ನು ಬಿಟ್ಟುಬಿಟ್ಟರೆಂದು ಕೇಳಿದಾಗಲೆಲ್ಲ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಆದರೆ ಆರೋಗ್ಯವಂತರಾಗಿದ್ದ 17,802 ಮಂದಿಯ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಜುಪಿಟರ್ ಪರೀಕ್ಷೆಯನ್ನು ನೋಡಿ. ರೋಸುವಾಸ್ಟ್ಯಾಟಿನ್ ನುಂಗಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮೊದಲಾದ ಅನಿಷ್ಟಗಳು ನೂರಕ್ಕೆ 44ರಷ್ಟು ಕಡಿಮೆಯಾದವೆಂಬುದು ಲೋಕಪ್ರಸಿದ್ಧವಾಯಿತು. ನಲವತ್ತನಾಲ್ಕು ಕಡಿಮೆ, ಸರಿ, ಯಾವುದರಿಂದ ಕಡಿಮೆ? ಸುಮಾರು ಎರಡು ವರ್ಷಗಳಲ್ಲಿ ಹುಸಿಮಾತ್ರೆಯ ಗುಂಪಿನಲ್ಲಿ 251 ಮಂದಿಗೆ, ಔಷಧದ ಗುಂಪಿನಲ್ಲಿ 142 ಮಂದಿಗೆ ಇಂಥ ಅನಿಷ್ಟವಾಯಿತು. ಒಂದೊಂದು ಗುಂಪಿನಲ್ಲಿದ್ದವರು 8,901 ಮಂದಿ. ಸಾವಿರಕ್ಕೆ 28 ಇದ್ದುದು 16ಕ್ಕೆ ಇಳಿಯಿತು, ಅಂದರೆ −12. ಅದೇ ಪರೀಕ್ಷೆಯಲ್ಲಿ ಹೊಸದಾಗಿ ಸಕ್ಕರೆ ಕಾಯಿಲೆಯೆಂದು ವೈದ್ಯರು ವರದಿ ಮಾಡಿದವರು ಹುಸಿಮಾತ್ರೆಯಲ್ಲಿ 216, ಔಷಧದಲ್ಲಿ 270. ಸಾವಿರಕ್ಕೆ 24 ಇದ್ದುದು 30ಕ್ಕೆ ಏರಿತು, ಅಂದರೆ +6. ಪಕ್ಕದ ಮನೆಯವರು ಇದನ್ನು ‘ಸಕ್ಕರೆ ಕಾಯಿಲೆ ನೂರಕ್ಕೆ ಇಪ್ಪತ್ತೈದು ಜಾಸ್ತಿ’ ಎಂದು ಹೇಳಿದರೂ ಸುಳ್ಳಲ್ಲ, ಔಷಧದ ಕಂಪನಿಯವರು ‘ನಲವತ್ತನಾಲ್ಕು ಕಡಿಮೆ’ ಎಂದು ಹೇಳಿದರೂ ಸುಳ್ಳಲ್ಲ. ಇಬ್ಬರೂ ಕೃಷ್ಣರಾಜಸಾಗರದ 124ನ್ನು ಸಮುದ್ರಮಟ್ಟದ ಪಟ್ಟಿಯಲ್ಲಿ ಬರೆದವರೇ. ಇಷ್ಟರ ಮೇಲೆ −12ನ್ನೂ +6ನ್ನೂ ಕೂಡಿಸಿ −6 ಎಂದು ಲೆಕ್ಕ ಮುಗಿಸುವಂತೆಯೂ ಇಲ್ಲ. ಒಂದು ಹೃದಯಾಘಾತವೂ, ಸ್ವಲ್ಪ ಮುಂಚಿತವಾಗಿ ಪತ್ತೆಯಾದ ಸಕ್ಕರೆ ಕಾಯಿಲೆಯೂ ಸಮಾನವಾದ ತೂಕದವಲ್ಲ. ನನ್ನ ಅಭಿಪ್ರಾಯದಲ್ಲಿ ಮೊದಲನೆಯದು ಬಹಳ ಭಾರ. ಆದರೆ ಆ ತೂಕವನ್ನು ಇಡಬೇಕಾದವರು ಆ ದೇಹದ ಒಡೆಯರೂ ಅವರ ವೈದ್ಯರೂ ಕೂಡಿ. ಗಣಿತವು ಅವರಿಗೆ ಎರಡು ಸಂಖ್ಯೆಗಳನ್ನೂ ಒಂದೇ ಸೊನ್ನೆಯಿಂದ ಅಳೆದು, ಒಂದೇ ಸಾವಿರದ ಮೇಲಿಟ್ಟು ಕೊಡಬಲ್ಲುದು.

ಮೈಕೈ ನೋವು ಮೊದಲಾದ ತೊಂದರೆಗಳ ವಿಷಯದಲ್ಲಿ ನಡೆದ ಪರೀಕ್ಷೆಯೊಂದು ನಾನು ಹೇಳುತ್ತಿರುವುದಕ್ಕೆ ಅತ್ಯುತ್ತಮವಾದ ದೃಷ್ಟಾಂತ. ಇಂಥ ತೊಂದರೆಗಳನ್ನು ತಾಳಲಾರದೆ ಸ್ಟ್ಯಾಟಿನನ್ನು ಬಿಟ್ಟಿದ್ದ 60 ಮಂದಿಯನ್ನು ಲಂಡನ್ನಿನ ಸಂಶೋಧಕರು ಆರಿಸಿಕೊಂಡು, ಒಬ್ಬೊಬ್ಬರಿಗೂ ಹನ್ನೆರಡು ಸೀಸೆಗಳನ್ನು ಕೊಟ್ಟರು: ನಾಲ್ಕರಲ್ಲಿ ಸ್ಟ್ಯಾಟಿನ್, ನಾಲ್ಕರಲ್ಲಿ ನೋಡುವುದಕ್ಕೆ ಅದರಂತೆಯೇ ಇರುವ ಹುಸಿಮಾತ್ರೆ, ನಾಲ್ಕು ಬರಿದಾದ ಸೀಸೆಗಳು. ತಿಂಗಳಿಗೊಂದರಂತೆ, ಯಾವ ತಿಂಗಳಿಗೆ ಯಾವುದೆಂಬುದು ಮೊದಲೇ ತಿಳಿಯದಂತೆ ಕೊಟ್ಟು, ಪ್ರತಿದಿನವೂ ತಮಗಾದ ತೊಂದರೆಗೆ ನೂರರೊಳಗೆ ಒಂದು ಅಂಕವನ್ನು ಹಾಕುವಂತೆ ಹೇಳಿದರು. 2020ರಲ್ಲಿ ಫಲಿತಾಂಶ ಹೊರಬಂದಿತು. ಮಾತ್ರೆಯೇ ಇಲ್ಲದ ತಿಂಗಳುಗಳಲ್ಲಿ ಸರಾಸರಿ ಅಂಕ 8.0, ಸ್ಟ್ಯಾಟಿನ್ ತಿಂಗಳುಗಳಲ್ಲಿ 16.3, ಹುಸಿಮಾತ್ರೆಯ ತಿಂಗಳುಗಳಲ್ಲಿ 15.4. ಬರಿದಾದ ಸೀಸೆಯನ್ನು ಸೊನ್ನೆಯೆಂದಿಟ್ಟುಕೊಂಡರೆ ಔಷಧ ತಂದ ತೊಂದರೆ ಎಂಟಕ್ಕೂ ಹೆಚ್ಚು. ಹುಸಿಮಾತ್ರೆಯನ್ನು ಸೊನ್ನೆಯೆಂದಿಟ್ಟುಕೊಂಡರೆ ಒಂದಕ್ಕೂ ಕಡಿಮೆ. ಆ ಜನರು ಅನುಭವಿಸಿದ ತೊಂದರೆ ಸುಳ್ಳೆಂದು ಯಾರೂ ಹೇಳಬಾರದು, ಅದು ಅಂಕಿಗಳಲ್ಲಿಯೇ ಇದೆ. ಆದರೆ ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಮಾತ್ರೆಯನ್ನು ನುಂಗುತ್ತಿದ್ದೇನೆಂಬ ಭಾವನೆಯಿಂದ ಬಂದುದೇ ಹೊರತು ಔಷಧದ ದ್ರವ್ಯದಿಂದ ಬಂದುದಲ್ಲ. ತಮ್ಮ ತಮ್ಮ ಅಂಕಿಗಳನ್ನು ಕಂಡ ಬಳಿಕ ಅವರಲ್ಲಿ ಅರ್ಧದಷ್ಟು ಮಂದಿ ಮಾತ್ರೆಯನ್ನು ಮತ್ತೆ ಆರಂಭಿಸಿದರು. ಹಾಗೆಂದು ಸ್ನಾಯುಗಳ ಅಪಾಯ ಎಲ್ಲಿಯೂ ಇಲ್ಲವೆಂದಲ್ಲ. ಇದೇ ಜಾತಿಯ ಸೆರಿವಾಸ್ಟ್ಯಾಟಿನ್ ಎಂಬ ಔಷಧವನ್ನು ಸ್ನಾಯುಗಳು ಒಡೆದು ಪ್ರಾಣಾಪಾಯವಾದ ಕಾರಣದಿಂದ 2001ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದರು. ವಿಪರೀತವಾದ ನೋವು, ಮೂತ್ರದ ಬಣ್ಣ ಕಪ್ಪಾಗುವುದು ಮುಂತಾದ ಲಕ್ಷಣಗಳು ತೋರಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕುದು.

ಹನ್ನೆರಡು ವರ್ಷದ ಮಕ್ಕಳಿಗೆ ಔಷಧಶಾಸ್ತ್ರವನ್ನು ಕಲಿಸಿರೆಂದು ನಾನು ಕೇಳುತ್ತಿಲ್ಲ. ಸಂಖ್ಯಾರೇಖೆಯನ್ನು ಹಲಗೆಯ ಮೇಲೆ ಎಳೆದಾಗ ಸೊನ್ನೆಯನ್ನು ತಾವೇ ಗುರುತಿಸಿಬಿಡದೆ, ಎಲ್ಲಿಡೋಣವೆಂದು ಮಕ್ಕಳನ್ನೇ ಕೇಳಬೇಕು. ‘ಹೆಚ್ಚು’, ‘ಕಡಿಮೆ’ ಎಂದು ಯಾರಾದರೂ ಹೇಳಿದರೆ ‘ಯಾವುದಕ್ಕಿಂತ?’ ಎಂದು ಕೇಳುವ ಅಭ್ಯಾಸವನ್ನು ಹಿಡಿಸಬೇಕು. ಚಿಹ್ನೆಯ ನಿಯಮಗಳ ಹತ್ತು ಲೆಕ್ಕಗಳ ಜೊತೆಗೆ ಇಂಥದೊಂದು ಲೆಕ್ಕವನ್ನು ಪ್ರಶ್ನೆಪತ್ರಿಕೆಯಲ್ಲಿ ಸೇರಿಸಬೇಕು. ಒಂದು ಊರಿನಲ್ಲಿ ನೂರಕ್ಕೆ 12 ಮಂದಿಗೆ ಬರುತ್ತಿದ್ದ ರೋಗ ಒಂದು ಔಷಧದಿಂದ 8ಕ್ಕೆ ಇಳಿಯಿತು; ಇನ್ನೊಂದು ಊರಿನಲ್ಲಿ ನೂರಕ್ಕೆ 3 ಮಂದಿಗೆ ಬರುತ್ತಿದ್ದುದು ಅದೇ ಔಷಧದಿಂದ 2ಕ್ಕೆ ಇಳಿಯಿತು; ಔಷಧವನ್ನು ತಿಂದ ನೂರರಲ್ಲಿ ಇಬ್ಬರಿಗೆ ಎರಡೂ ಊರುಗಳಲ್ಲಿ ಹೊಟ್ಟೆನೋವು ಬಂದಿತು. ಎರಡು ಊರುಗಳಿಗೂ ರೋಗವು ಮೂರನೆಯ ಒಂದು ಪಾಲು ಕಡಿಮೆಯಾಯಿತೆಂದು ಹೇಳಿದವನು ಸರಿಯೆ? ನೀವು ಮೊದಲ ಊರಿನವರಾದರೆ ಔಷಧವನ್ನು ತಿನ್ನುವಿರಾ? ಎರಡನೆಯ ಊರಿನವರಾದರೆ? ಕೊನೆಯ ಎರಡು ಪ್ರಶ್ನೆಗಳಿಗೆ ಉತ್ತರ ಯಾವುದಾದರೂ ಇರಲಿ, ಕೊಟ್ಟ ಕಾರಣವನ್ನು ನೋಡಿ ಪೂರ್ಣ ಅಂಕಗಳನ್ನು ಕೊಡಬೇಕೆಂದು ಪ್ರಾರ್ಥಿಸುತ್ತೇನೆ. ತಮ್ಮ ತರಗತಿಯ ಮಕ್ಕಳು ಬರೆದ ಕಾರಣಗಳನ್ನು ಒಬ್ಬರು ಇನ್ನೊಬ್ಬರೊಡನೆ ಹಂಚಿಕೊಂಡು, ಯಾವ ಪ್ರಶ್ನೆ ಮಕ್ಕಳನ್ನು ಎಡವಿಸಿತು, ಯಾವುದು ಚರ್ಚೆಗೆ ಹಚ್ಚಿತು ಎಂಬುದನ್ನು ಮುಂದಿನ ವರ್ಷದ ಪಾಠಕ್ಕಾಗಿ ಬರೆದಿಟ್ಟುಕೊಳ್ಳುವುದಾದರೆ ಅದು ಈ ಪತ್ರಕ್ಕೆ ತಾವು ಕೊಡುವ ಉತ್ತರವೆಂದು ತಿಳಿಯುತ್ತೇನೆ.

ಇಂತು,
ತಮ್ಮ ವಿಶ್ವಾಸಿ,
ನಿವೃತ್ತ ಗಣಿತೋಪಾಧ್ಯಾಯ